ಹಾಲಿಡುವವರ ಅಳತೆ

ಅಡುಗೆಮನೆಯ ಬಗ್ಗೆ ನನಗೆ ಬುದ್ಧಿ ಹೇಳಿದವರೆಲ್ಲ ನನಗಿಂತ ಎತ್ತರದವರು. ಮದುವೆಯಾಗಿ ಅರಸೀಕೆರೆಗೆ ಬಂದ ಹೊಸತರಲ್ಲೇ ಇದು ನನಗೆ ಗೊತ್ತಾಗಿ ಹೋಗಿತ್ತು. ನನ್ನ ಗಂಡನ ಮನೆಯವರದು ಕೊಬ್ಬರಿ ವ್ಯಾಪಾರ. ಒಬ್ಬೊಬ್ಬರೂ ಬೆಳೆದಿರುವುದೂ ತೆಂಗಿನ ಮರದ ಹಾಗೆಯೇ. ನಮ್ಮತ್ತೆ ಇದ್ದಷ್ಟು ಕಾಲ ಅಟ್ಟದ ಮೇಲಿನ ಡಬ್ಬ ತೆಗೆಯುವುದಕ್ಕೆ ಸ್ಟೂಲು ಹಾಕಿಕೊಂಡದ್ದನ್ನು ನಾನು ನೋಡಲಿಲ್ಲ. ನಾನೋ, ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಯಾವಾಗಲೂ ಮೊದಲಿಗೆ ನಿಲ್ಲುತ್ತಿದ್ದ ಮಾದಿಹಳ್ಳಿಯ ಕುಳ್ಳಿ. ಹೆಣ್ಣು ನೋಡಲು ಬಂದ ದಿನ ನಾನು ಜಮಖಾನದ ಮೇಲೆ ಕೂತೇ ಇದ್ದೆನಂತೆ, ಹಾಗಾಗಿ ಯಾರಿಗೂ ತಿಳಿಯಲಿಲ್ಲವಂತೆ. ಈ ಮಾತನ್ನು ಅತ್ತಿಗೆ ಇವತ್ತಿಗೂ ನೆಂಟರ ಮುಂದೆ ಹೇಳಿ ನಗುತ್ತಾರೆ.

ಅತ್ತಿಗೆ ಅಂದರೆ ನನ್ನ ಗಂಡನ ಅಕ್ಕ. ಬೇಲೂರಿನಲ್ಲಿ ಹೈಸ್ಕೂಲು ಟೀಚರು. ಅವರ ಮೇಲೆ ನನಗೆ ಸಿಟ್ಟಿದೆ. ಇದನ್ನು ಮುಚ್ಚಿಟ್ಟುಕೊಂಡು ಬರೆಯುವುದಾದರೆ ಬರೆಯದೇ ಇರುವುದೇ ಮೇಲು.

ನಮ್ಮ ಹಳೆಯ ಅಡುಗೆ ಕಟ್ಟೆ ನಮ್ಮತ್ತೆಯ ಕಾಲದಲ್ಲಿ ಕಟ್ಟಿಸಿದ್ದು. ಕಡಪ ಕಲ್ಲಿನದು, ನಮ್ಮತ್ತೆಯ ಸೊಂಟಕ್ಕೆ ಸರಿಯಾಗಿತ್ತು, ನನ್ನ ಎದೆಗೆ ಬರುತ್ತಿತ್ತು. ಅದರ ಮೇಲೆ ಗ್ಯಾಸ್ ಒಲೆ, ಒಲೆಯ ಮೇಲೆ ಪಾತ್ರೆ. ನಾನು ಊಟಕ್ಕೆ ಕೂರುವ ಹಲಸಿನ ಮಣೆಯೊಂದನ್ನು ಮಗುಚಿ ಹಾಕಿಕೊಂಡು ಅದರ ಮೇಲೆ ನಿಂತು ಇಷ್ಟು ವರ್ಷ ಅಡುಗೆ ಮಾಡಿದೆ. ಸಾರು, ಪಲ್ಯ ಹೇಗೋ ಆಗುತ್ತಿತ್ತು. ಮುದ್ದೆ ಮಾತ್ರ ಆಗುತ್ತಿರಲಿಲ್ಲ. ಮುದ್ದೆ ತಿನ್ನುವವರಿಗೆಲ್ಲ ಮುದ್ದೆ ತಿರುವುವುದು ಗೊತ್ತಿರುವುದಿಲ್ಲ, ಅದಕ್ಕೇ ಹೇಳುತ್ತೇನೆ: ಕುದಿಯುವ ನೀರಿಗೆ ರಾಗಿ ಹಿಟ್ಟು ಬಿದ್ದ ಮೇಲೆ ಕೋಲು ಹಾಕಿ ಮೇಲಿನಿಂದ ಮೈಭಾರ ಬಿಟ್ಟು ಒತ್ತಬೇಕು. ಪಾತ್ರೆ ಎದೆಯ ಮಟ್ಟಕ್ಕಿದ್ದರೆ ಮೈಭಾರ ಎಲ್ಲಿಂದ ಬರಬೇಕು? ಭುಜದಿಂದಲೇ ಒತ್ತಬೇಕು. ದಿನಾ ರಾತ್ರಿ ಮುದ್ದೆ ಬೇಡುವ ಮನೆ ನಮ್ಮದು. ಒತ್ತಿ ಒತ್ತಿ ಬಲಗೈ ತಲೆಗೆ ಎಣ್ಣೆ ಹಚ್ಚಿಕೊಳ್ಳುವಷ್ಟೂ ಎತ್ತಲಾಗದ ಸ್ಥಿತಿಗೆ ಬಂತು.

ಹಾಸನದ ಡಾಕ್ಟರು ಕೈ ತಿರುಗಿಸಿ ನೋಡಿ, "ಏನಮ್ಮಾ, ಕೂಲಿ ಕೆಲಸ ಮಾಡ್ತೀರಾ?" ಅಂದರು.

"ಇಲ್ಲ ಸಾರ್, ಮನೇಲೇ ಇದೀನಿ," ಅಂದೆ. ಹಾಗೆ ಅಂದದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಇನ್ನು ಅತ್ತಿಗೆಯ ಫೋನಿನ ವಿಷಯ. ಬೇಲೂರಿನ ಹೆಂಗಸರದ್ದು ಅವರದೊಂದು ವಾಟ್ಸಾಪ್ ಗುಂಪಿದೆ. ಅದರಲ್ಲಿ ದಿನಾ ಬೆಳಿಗ್ಗೆ 'ಬಿಡುವಿಲ್ಲದ ಗೃಹಿಣಿಯರಿಗೆ' ಅಂತ ಶುರುಮಾಡಿ ಒಂದು ಸಲಹೆ ಹಾಕುತ್ತಾರೆ. ಮನೆ ಹೇಗಿಟ್ಟುಕೊಳ್ಳಬೇಕು, ಏನು ಉಡಬೇಕು, ಏನು ಬೇಯಿಸಬೇಕು. ನನ್ನನ್ನೂ ಕೇಳದೆ ಸೇರಿಸಿದ್ದಾರೆ. ಹುಣಸೆಹಣ್ಣಿಗೆ ಕಲ್ಲುಪ್ಪು ಬೆರೆಸಿ ಉಂಡೆ ಕಟ್ಟಿಟ್ಟರೆ ಹುಳ ಬೀಳುವುದಿಲ್ಲ ಅಂತ ಒಂದು ದಿನ ಬಂತು. ಅದು ನಮ್ಮಮ್ಮನಿಂದ ನಾನು ಕಲಿತದ್ದು. ಅತ್ತಿಗೆ ನಮ್ಮ ಮನೆಗೆ ಬಂದಾಗ ಜಾಡಿ ತೆಗೆದು ನೋಡಿ, ಮೂಸಿ, ಕೇಳಿಕೊಂಡು ಹೋಗಿದ್ದರು. ಹರಿದ ರೇಷ್ಮೆ ಸೀರೆಯ ಅಂಚು ಬಿಚ್ಚಿ ಹತ್ತಿ ಸೀರೆಗೆ ಹೊಲಿದರೆ ಹೊಸ ಸೀರೆ ಅಂತ ಇನ್ನೊಂದು ದಿನ ಬಂತು. ಜೊತೆಗೆ ಫೋಟೋ. ಫೋಟೋದಲ್ಲಿರುವ ಸೀರೆ ನನ್ನದು. ನಮ್ಮ ಹಿತ್ತಲಿನ ತಂತಿಯ ಮೇಲೆ ಒಣಗುತ್ತಿದ್ದಾಗ ತೆಗೆದದ್ದು. ಕೆಳಗೆ ಬೇಲೂರಿನ ಹೆಂಗಸರೆಲ್ಲ 'ಸೂಪರ್ ಮೇಡಂ', 'ನಿಮ್ಮ ತಲೆಯೇ ತಲೆ' ಅಂತ ಕೈ ಮುಗಿದಿದ್ದರು. ನಾನೂ ಒಂದು ಕೈ ಮುಗಿದೆ. ಇನ್ನೇನು ಮಾಡಲಿ?

ಆದರೆ ನನ್ನ ರಕ್ತ ಕುದಿಸಿದ್ದು ಬೇರೆಯೇ. ಒಂದು ದಿನ 'ಕುಳ್ಳಗಿರುವವರು ಸಣ್ಣ ಅಂಚಿನ ಸೀರೆ ಉಡಿ, ಉದ್ದ ಗೆರೆಯ ರವಿಕೆ ಹಾಕಿ, ಎತ್ತರ ಕಾಣುತ್ತೀರಿ' ಅಂತ ಬಂತು. ಬಂದ ಸ್ವಲ್ಪ ಹೊತ್ತಿಗೆ ಅತ್ತಿಗೆಯದೇ ಫೋನು.

"ನಿನ್ನ ನೆನಪಿಸ್ಕೊಂಡೇ ಹಾಕಿದ್ದು ಕಣೇ. ನೋಡ್ದ್ಯಾ?"

"ನೋಡ್ದೆ ಅತ್ತಿಗೆ. ಎತ್ತರ ಕಂಡ್ರೆ ಕಟ್ಟೆ ಮೋಸ ಹೋಗಲ್ವಲ್ಲ."

"ಅಯ್ಯೋ, ನಿನಗೆ ಏನ್ ಹೇಳಿದ್ರೂ ಕಟ್ಟೆ ಕಟ್ಟೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಫೋನು ಇಟ್ಟು ಪಾತ್ರೆ ತೊಳೆಯಲು ಹೋದೆ. ಒಳ್ಳೆಯ ಉತ್ತರಗಳೆಲ್ಲ ಪಾತ್ರೆ ತೊಳೆಯುವಾಗಲೇ ಬರುವುದು.

ನನ್ನ ಗಂಡನಿಗೆ ಕಟ್ಟೆ ತಗ್ಗಿಸಿಕೊಡಿ ಅಂತ ಹೇಳುವುದು ಎಮ್ಮೆಯ ಮೇಲೆ ಮಳೆ ಹೊಯ್ದ ಹಾಗೆ. ಕೆಟ್ಟವರಲ್ಲ. ಬೈಯುವುದಿಲ್ಲ, ಹೊಡೆಯುವುದಿಲ್ಲ, ಉಪ್ಪು ಹೆಚ್ಚಾದರೂ ಮಾತಿಲ್ಲದೆ ಉಣ್ಣುತ್ತಾರೆ. ನನಗೆ ಬೇಕಾದದ್ದನ್ನೂ ಹಾಗೇ ಮಾತಿಲ್ಲದೆ ನುಂಗಿಬಿಡುತ್ತಾರೆ. ಒಮ್ಮೆ ನಾನು ಅತ್ತಾಗ ಸಮಾಧಾನ ಮಾಡಲು, "ಬೇಲೂರು ಗುಡೀಲಿರೋ ಶಿಲಾಬಾಲಿಕೇರೂ ನಿನಗಿಂತ ಕುಳ್ಳಗೇ ಅವ್ರೆ, ಜಗತ್ತೇ ಬಂದು ನೋಡುತ್ತೆ," ಅಂದರು. ಅವರಿಗೆ ಮುದ್ದೆ ತಿರುವುವ ಕೆಲಸ ಇಲ್ಲವಲ್ಲ ಅಂದೆ. ನಕ್ಕು ಕೊಬ್ಬರಿ ಮಂಡಿಗೆ ಹೊರಟುಹೋದರು.

ಕೊನೆಗೆ ನನ್ನ ಭುಜ ಮಾಡದ ಕೆಲಸವನ್ನು ಗೋಡೆ ಮಾಡಿತು. ಸಿಂಕಿನ ಹಿಂದಿನ ಗೋಡೆ ತೇವ ಹಿಡಿದು ಟೈಲ್ಸ್ ಒಂದೊಂದೇ ಉದುರತೊಡಗಿದವು. ಅಡುಗೆಮನೆ ಪೂರ್ತಿ ಕಿತ್ತು ಹೊಸದು ಮಾಡಲೇಬೇಕು ಅಂತ ಮೇಸ್ತ್ರಿ ಹೇಳಿದ. ಆ ರಾತ್ರಿ ಊಟಕ್ಕೆ ಕೂತಾಗ ನಾನು ತಟ್ಟೆಗೆ ಮುದ್ದೆ ಹಾಕದೆ ನಿಂತುಕೊಂಡೆ.

"ಈ ಸಲ ಕಟ್ಟೆ ನನ್ನ ಅಳತೆಗೆ. ಹೂಂ ಅನ್ನಿ, ಹಾಕ್ತೀನಿ."

"ಹೂಂ ಕಣೇ. ನಿನ್ನ ಅಳತೆಗೇ ಮಾಡ್ಸೋಣ. ಅಡುಗೆ ಮಾಡೋಳು ನೀನಲ್ವಾ?"

ಆ ಮಾತನ್ನು ನಾನು ಎಷ್ಟು ದಿನ ಮನಸ್ಸಿನಲ್ಲಿಟ್ಟುಕೊಂಡು ಓಡಾಡಿದೆನೋ. ಅಡುಗೆ ಮಾಡೋಳು ನೀನಲ್ವಾ. ಮಣೆಯಿಲ್ಲದೆ, ಬರಿಗಾಲಲ್ಲಿ ನೆಲದ ಮೇಲೆ ನಿಂತು ಒಗ್ಗರಣೆ ಹಾಕುವುದನ್ನು ನೆನೆಸಿಕೊಂಡೇ ಖುಷಿಯಾಗುತ್ತಿತ್ತು. ನನಗೆ ಅಡುಗೆ ಅಂದರೆ ಇಷ್ಟ. ಹಿಟ್ಟು ಬೆಂದಾಗ ಏಳುವ ವಾಸನೆ ಇಷ್ಟ, ಬಸ್ಸಾರಿಗೆ ಕಾರ ರುಬ್ಬಿ ಬೆರಳಲ್ಲಿ ನೆಕ್ಕಿ ನೋಡುವುದು ಇಷ್ಟ. ನೋವಿದ್ದದ್ದು ಭುಜಕ್ಕೆ, ಅಡುಗೆಗಲ್ಲ.

ವಿಷಯ ಬೇಲೂರಿಗೆ ಮುಟ್ಟಿತು, ಅತ್ತಿಗೆ ಬಂದಿಳಿದರು. ರಜೆಯೂ ಇತ್ತು. ಫೋನಿನ ತುಂಬ ಅಡುಗೆಮನೆಗಳ ಫೋಟೋ. ಯಾವ ಅಡುಗೆಮನೆಯಲ್ಲೂ ಒಂದು ಒಗ್ಗರಣೆ ಸೌಟು ಕೂಡ ಹೊರಗೆ ಕಾಣುತ್ತಿರಲಿಲ್ಲ. ಕಟ್ಟೆ ತಗ್ಗಿಸುವ ಮಾತು ಕೇಳಿದ ತಕ್ಷಣ ಹುಬ್ಬು ಮೇಲೆ ಹೋಯಿತು.

"ತಗ್ಗಿಸಿದ್ರೆ ಅಸಹ್ಯ ಕಾಣುತ್ತೆ. ಅಂಗನವಾಡಿ ಬೆಂಚ್ ಥರ. ಅದೂ ಅಲ್ದೆ, ನಾಳೆ ಸೊಸೆ ಬರ್ತಾಳೆ. ಅವಳು ಎತ್ತರ ಇದ್ರೆ ಏನ್ ಮಾಡ್ತೀಯಾ?"

ನನ್ನ ಮಗ ಆಗ ಪಿಯುಸಿ ಓದುತ್ತಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದನ್ನು ಕೇಳಿದ್ದೆ. ಮೀಸೆ ಚಿಗುರದ ಹುಡುಗನ ಹೆಂಡತಿಯ ಸೊಂಟಕ್ಕೆ ಕಟ್ಟೆ ಕಟ್ಟಿಸುವುದನ್ನು ಅವತ್ತೇ ಕೇಳಿದ್ದು. ಯಾರೋ ಎಲ್ಲೋ ಇರುವ, ಇನ್ನೂ ಲಂಗ ಹಾಕಿಕೊಂಡು ಓಡಾಡುತ್ತಿರಬಹುದಾದ ಆ ಹುಡುಗಿಯ ಬೆನ್ನಿನ ಮೇಲೆ ಅತ್ತಿಗೆಗೆ ಇದ್ದ ಕಾಳಜಿ, ಎದುರಿಗೆ ನಿಂತ ನನ್ನ ಭುಜದ ಮೇಲೆ ಇರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಸುಮ್ಮನೆ ಹೇಳಿಲ್ಲ ಹಿರಿಯರು.

"ಸೊಸೆ ಬಂದ್ಮೇಲೆ ಅವಳು ಎತ್ತರಿಸ್ಕೊಳ್ಳಿ ಅತ್ತಿಗೆ. ಈಗ ನಾನಿದೀನಿ," ಅಂದೆ. ನನ್ನ ಗಂಡ ಹಲ್ಲಿಗೆ ಕಡ್ಡಿ ಹಾಕಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು.

ಕೆಲಸ ಶುರುವಾದ ವಾರವೇ ಮಾದಿಹಳ್ಳಿಯಿಂದ ಫೋನು ಬಂತು. ನಮ್ಮಮ್ಮನ ಕಣ್ಣಿನ ಪೊರೆ ತೆಗೆಸುವ ದಿನ ಗೊತ್ತಾಗಿತ್ತು. ಹೊತ್ತು ಹೊತ್ತಿಗೆ ಕಣ್ಣಿಗೆ ಹನಿ ಬಿಡುವುದಕ್ಕೆ ಒಬ್ಬರು ಇರಬೇಕು. ಹೊರಡುವಾಗ ಗಂಡನಿಗೆ ಹೇಳಿದೆ, ಅಳತೆ ಮರೀಬೇಡಿ. ಆಯ್ತು ಅಂದರು. ಮೇಸ್ತ್ರಿ ಆ ಹೊತ್ತಿಗೆ ಬಂದಿರಲಿಲ್ಲ. ನಾನು ಗೋಡೆಗೆ ಒಂದು ಗೆರೆ ಎಳೆದು ಹೋಗಬಹುದಿತ್ತು. ಗಂಡ ಹೂಂ ಅಂದ ಮೇಲೆ ಗೆರೆ ಯಾಕೆ ಅಂದುಕೊಂಡೆ.

ಅಮ್ಮನ ಕಣ್ಣು ತಿಳಿಯಾಯಿತು. ಹಳೇಬೀಡಿನಲ್ಲಿ ಬಸ್ಸು ಬದಲಿಸಿ, ಮಡಿಲಲ್ಲಿ ತವರಿನ ಬೆಣ್ಣೆಯ ಡಬ್ಬಿ ಇಟ್ಟುಕೊಂಡು ಅರಸೀಕೆರೆಗೆ ವಾಪಸು ಬಂದೆ. ಚಪ್ಪಲಿ ಬಿಟ್ಟು ಸೀದಾ ಅಡುಗೆಮನೆಗೆ ಹೋದೆ.

ಕರಿಯ ಗ್ರಾನೈಟು ಫಳಫಳ ಹೊಳೆಯುತ್ತಿತ್ತು. ಹತ್ತಿರ ಹೋಗಿ ನಿಂತೆ. ಹಳೆಯದಕ್ಕಿಂತಲೂ ಎತ್ತರ. ಬೆಣ್ಣೆಯ ಡಬ್ಬಿಯನ್ನು ಅದರ ಮೇಲಿಡಲು ಕೈ ಎತ್ತಿದೆ, ಭುಜ ಚುಳ್ಳೆಂದಿತು. ಡಬ್ಬಿಯನ್ನು ನೆಲದ ಮೇಲಿಟ್ಟು ನಾನೂ ಅಲ್ಲೇ ಕೂತೆ.

ಮೇಸ್ತ್ರಿ ಹಿತ್ತಲಲ್ಲಿ ಸಿಮೆಂಟು ಮೆತ್ತಿದ ಬಾಣಲಿ ತೊಳೆಯುತ್ತಿದ್ದ. ಕರೆದು ಕೇಳಿದೆ, ಯಾರ ಅಳತೆಗಪ್ಪ ಇದು?

"ನಾನು ಕೇಳೇ ಮಾಡಿದ್ದು ಕಣಮ್ಮ. ಈ ಕಟ್ಟೆ ಮ್ಯಾಲೆ ಹಾಲಿಡೋರು ಯಾರು ಸಾವ್ಕಾರ್ರೇ ಅಂದೆ. ನಮ್ಮಕ್ಕ ಅಂದ್ರು. ಅಮ್ಮಾರು ಬಂದು ನಿಂತ್ಕಂಡ್ರು. ಮೊಣಕೈ ಮಡಿಸಿ ಅಂದೆ, ಮಡಿಸಿದ್ರು. ಅಲ್ಲಿಗೇ ಗುರುತು ಹಾಕ್ದೆ. ಅವರ ಅಳತೆ ಸರಿಯಾಗೇ ಐತೆ."

ಅವನ ತಪ್ಪಿಲ್ಲ. ಹಾಲಿಡುವವರು ಅಂದರೆ ಅವನ ಲೆಕ್ಕದಲ್ಲಿ ದಿನಾ ಬೆಳಿಗ್ಗೆ ಎದ್ದು ಹಾಲು ಕಾಯಿಸುವವರು, ಅಂದರೆ ಅಡುಗೆ ಮಾಡುವವರು. ನನ್ನ ಗಂಡನ ಕಿವಿಗೆ ಬಿದ್ದದ್ದೇ ಬೇರೆ. ನಮ್ಮ ಕಡೆ ಹೊಸ ಒಲೆ ಹೂಡಿದಾಗ ಮೊದಲು ಹಾಲಿಟ್ಟು ಉಕ್ಕಿಸುವುದು ಆ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳು. ಸೊಸೆಯಲ್ಲ. ಹಾಲಿಡೋರು ಯಾರು ಅಂದರೆ ನಮ್ಮಕ್ಕ. ಸಂಪ್ರದಾಯ ಅಚ್ಚುಕಟ್ಟಾಗಿ ನೆನಪಿತ್ತು, ಹೆಂಡತಿಗೆ ಕೊಟ್ಟ ಮಾತು ನೆನಪಿರಲಿಲ್ಲ. ವರ್ಷಗಟ್ಟಲೆ ಉರಿಯುವ ಒಲೆಗೆ, ಒಂದು ಪಾವು ಹಾಲು ಉಕ್ಕುವಷ್ಟು ಹೊತ್ತು ಎದುರಿಗೆ ನಿಲ್ಲುವವರ ಅಳತೆ!

ಅವರದು ಮರೆವು ಅಂತಲೇ ಇಟ್ಟುಕೊಳ್ಳೋಣ. ಅತ್ತಿಗೆಯದು? ಅವರು ಓದಿದವರು. ಮೇಸ್ತ್ರಿ ಮೊಣಕೈ ಮಡಿಸಿ ಅಂದಾಗ ಯಾಕೆ ಅಂತ ಗೊತ್ತಾಗದಷ್ಟು ಮುಗ್ಧೆಯಲ್ಲ. ರಜೆ ಮುಗಿದು ಬೇಲೂರಿಗೆ ಹೋಗಿದ್ದವರಿಗೆ ಫೋನು ಮಾಡಿ ಕೇಳಿದೆ.

"ಅವನು ನಿಲ್ಲಿ ಅಂದ, ನಿಂತೆ. ಅದ್ರಲ್ಲಿ ನನ್ನ ತಪ್ಪೇನೇ?"

"ನನ್ನ ಅಳತೆ ಅಂತ ಹೇಳಬಹುದಿತ್ತಲ್ಲ ಅತ್ತಿಗೆ."

"ನೀನೆಲ್ಲಿದ್ದೆ ಅಲ್ಲಿ? ಎಷ್ಟು ಚೆನ್ನಾಗಿ ಬಂದಿದೆ ಕಟ್ಟೆ, ಅದು ಬಿಟ್ಟು ಜಗಳಕ್ಕೆ ಬರ್ತೀಯ. ಹೆಂಗೂ ಮಣೆ ಇದೆಯಲ್ಲ, ಅಭ್ಯಾಸ ಆಗಿದೆ ನಿನಗೆ."

ಅಭ್ಯಾಸ ಆಗಿದೆ. ಈ ಮಾತು ನನ್ನ ಮೈಯಲ್ಲಿ ಮುಳ್ಳಿನ ಹಾಗೆ ಕೂತಿತು. ಗಂಡನನ್ನು ಕೇಳಿದರೆ, ಈಗ ಕಿತ್ತರೆ ಕಲ್ಲು ಒಡೆಯುತ್ತೆ, ಪೂಜೆಗೆ ಅಯ್ಯನೋರಿಗೆ ಹೇಳಿಯಾಗಿದೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಅಂದರು. ಮಣೆಯನ್ನು ಹಿತ್ತಲಿಗೆ ಒಯ್ದು ಒಡೆದು ನೀರೊಲೆಗೆ ಹಾಕಿದೆ. ಹಲಸಿನ ಮರ, ಚೆನ್ನಾಗಿ ಉರಿಯಿತು.

ಒಲೆಪೂಜೆಯ ದಿನ ಮನೆ ತುಂಬ ನೆಂಟರು. ಅತ್ತಿಗೆ ಜರಿಯಂಚಿನ ರೇಷ್ಮೆ ಸೀರೆಯುಟ್ಟು ಹೊಸ ಒಲೆಗೆ ವಿಭೂತಿ ಬಳಿದು, ಹೂವಿಟ್ಟು, ಹಾಲಿಟ್ಟರು. ಕಟ್ಟೆ ಅವರ ಮೊಣಕೈ ಕೆಳಗೆ ಹೇಳಿ ಮಾಡಿಸಿದ ಹಾಗೆ ಕೂತಿತ್ತು, ಹೇಳಿಯೇ ಮಾಡಿಸಿದ್ದಲ್ಲವೇ. ಹಾಲು ಪೂರ್ವಕ್ಕೆ ಉಕ್ಕಿತು. ಎಲ್ಲರೂ ಒಳ್ಳೆಯದಾಗುತ್ತೆ ಅಂದರು. ಫೋಟೋ ಆಯಿತು. ಆಮೇಲೆ ಅತ್ತಿಗೆ ಸೆರಗು ಒದರಿಕೊಂಡು ನನ್ನ ಕಡೆ ತಿರುಗಿದರು.

"ಇನ್ನು ನೀನು ಶುರುಮಾಡು ಕಣೇ. ಹೋಳಿಗೆ ಮಾಡ್ತೀನಿ ಅಂದಿದ್ಯಲ್ಲ."

ನಾನು ಹೆಂಗಸರ ಮಧ್ಯೆ ಚಾಪೆಯ ಮೇಲೆ ಕೂತಿದ್ದೆ. ಏಳಲಿಲ್ಲ.

"ಕಟ್ಟೆ ನಿಮ್ಮ ಅಳತೇದು ಅತ್ತಿಗೆ. ಹಾಲಿಟ್ಟೋರೇ ಅನ್ನಾನೂ ಇಡಿ."

ಮೊದಲು ಯಾರೋ ನಕ್ಕರು, ತಮಾಷೆ ಅಂದುಕೊಂಡು. ನಾನು ನಗದೇ ಇದ್ದದ್ದನ್ನು ನೋಡಿ ನಗು ನಿಂತಿತು. ಅತ್ತಿಗೆಯ ಮುಖ ಕೆಂಪಾಯಿತು. ಒಳಗೆ ಹೋಗಿ ಬೇಳೆ ಎಲ್ಲಿದೆ, ಬೆಲ್ಲ ಎಲ್ಲಿದೆ ಅಂತ ಡಬ್ಬಗಳ ಮುಚ್ಚಳ ತೆಗೆದು ಹಾಕಿದ ಸದ್ದು ಕೇಳಿಸುತ್ತಿತ್ತು. ನಾನು ಹೇಳಲಿಲ್ಲ. ಕೊನೆಗೆ ನನ್ನ ಗಂಡ ಸ್ಕೂಟರಿನಲ್ಲಿ ಹೋಗಿ ಹೋಟೆಲಿನಿಂದ ಊಟ ಕಟ್ಟಿಸಿಕೊಂಡು ಬಂದರು. ಹೊಸ ಒಲೆಯ ಮೊದಲ ದಿನ, ಅಯ್ಯನೋರೂ ಸೇರಿ ಎಲ್ಲರೂ ಪ್ಲಾಸ್ಟಿಕ್ ಚೀಲದ ಸಾಂಬಾರು ಉಂಡರು. ಅತ್ತಿಗೆ ಮಧ್ಯಾಹ್ನದ ಬಸ್ಸಿಗೇ ಹೊರಟುಹೋದರು. 'ಬರ್ತೀನಿ' ಅಂತಲೂ ಅನ್ನಲಿಲ್ಲ. ನನಗೆ ನಾಚಿಕೆಯಾಗಲಿಲ್ಲ. ಇವತ್ತಿಗೂ ಆಗಿಲ್ಲ.

ಮಾರನೆಯ ಬೆಳಿಗ್ಗೆ ಗುಂಪಿನಲ್ಲಿ ಹಾಲುಕ್ಕಿಸುವ ಫೋಟೋ ಬಂದಿತ್ತು. ಕೆಳಗೆ, 'ಬಿಡುವಿಲ್ಲದ ಗೃಹಿಣಿಯರಿಗೆ: ಅಡುಗೆ ಕಟ್ಟೆ ನಿಮ್ಮ ಮೊಣಕೈ ಅಳತೆಗೆ ಇರಲಿ, ಭುಜದ ನೋವು ಹತ್ತಿರ ಸುಳಿಯುವುದಿಲ್ಲ.' ಈ ಸಲ ನಾನು ಕೈ ಮುಗಿಯಲಿಲ್ಲ. ಗುಂಪಿನಿಂದ ಹೊರಗೆ ಬಂದೆ.

ಮೊದಮೊದಲು ಹೋಟೆಲ್ ಊಟವೇ ನಡೆಯಿತು. ನನ್ನ ಗಂಡನ ಹೊಟ್ಟೆಗೆ ಅದು ಆಗುವುದಿಲ್ಲ. ಒಂದು ಬೆಳಿಗ್ಗೆ ಅವರೇ ಹೋಗಿ ಒಲೆ ಹಚ್ಚಿ ಉಪ್ಪಿಟ್ಟು ಮಾಡಿದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅಕ್ಕನ ಎತ್ತರವೇ ತಮ್ಮನದು. ಬಗ್ಗುವಂತಿಲ್ಲ, ಕೈ ಎತ್ತುವಂತಿಲ್ಲ. ಆ ಕಟ್ಟೆ ಅವರಿಗೆ ಎಷ್ಟು ಸರಿಹೊಂದಿತ್ತೆಂದರೆ ನನಗೆ ಹೊಟ್ಟೆ ಉರಿಯಿತು. ಉಪ್ಪಿಟ್ಟು ಗಂಟುಗಂಟಾಗಿತ್ತು. ಆಮೇಲೆ ಅನ್ನ ಕಲಿತರು, ಸಾರು ಕಲಿತರು, ಮುದ್ದೆಯನ್ನೂ ಕಲಿತರು. ನಾನು ನೆಲದ ಮೇಲೆ ಈಳಿಗೆಮಣೆ ಹಾಕಿಕೊಂಡು ತರಕಾರಿ ಹೆಚ್ಚಿ ಕೊಡುತ್ತೇನೆ, ಅಷ್ಟೇ.

ಊರೆಲ್ಲ ನನ್ನನ್ನು ಹೊಗಳುತ್ತದೆ. ಹೊಗಳುವುದು ಅಂದರೆ ಗಂಡನನ್ನು ಹೊಗಳಿ, ನನ್ನನ್ನು ಪುಣ್ಯವಂತೆ ಅನ್ನುವುದು. "ಎಂಥಾ ಗಂಡ ಕಣ್ರೀ ನಿಮಗೆ, ಕೂತಲ್ಲಿಗೇ ಊಟ!" ಪಕ್ಕದ ಮನೆಯಾಕೆ ತನ್ನ ಗಂಡನನ್ನು ಕರೆತಂದು ನಮ್ಮ ಅಡುಗೆಮನೆ ತೋರಿಸಿದಳು. ಬೇಲೂರಿನ ಗುಂಪಿನಲ್ಲೂ ಬಂದಿತಂತೆ, ಹೆಂಡತಿಗೆ ಬಿಡುವು ಕೊಡುವ ನನ್ನ ತಮ್ಮ ಅಂತ. ನಾನು ಗೆದ್ದೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಸೋತದ್ದನ್ನು ಬಾಯಿ ಬಿಟ್ಟು ಹೇಳಿದರೆ ನನ್ನನ್ನೇ ಹುಚ್ಚಿ ಅನ್ನುತ್ತಾರೆ.

ಮೊನ್ನೆ ಹುರುಳಿಕಾಳಿನ ಬಸ್ಸಾರು ಇಟ್ಟಿದ್ದರು. ಕಾರ ಕುದಿಯುವ ವಾಸನೆಯಲ್ಲೇ ಏನೋ ತಪ್ಪಿದೆ ಅನ್ನಿಸಿತು. ಬೆಳ್ಳುಳ್ಳಿ ಹಸಿಯಾಗಿಯೇ ಉಳಿದಿತ್ತು. "ಬಾರೇ ಇಲ್ಲಿ, ಇದು ಯಾಕೋ ಹದ ಬರ್ತಿಲ್ಲ, ನೋಡು," ಅಂತ ಕರೆದರು. ನಾನು ಎದ್ದು ಒಲೆಯ ಹತ್ತಿರ ಹೋದೆ. ತುದಿಗಾಲಲ್ಲಿ ನಿಂತೆ. ಪಾತ್ರೆಯ ಹೊರಮೈ ಕಂಡಿತು, ಮೇಲೆ ಹಬೆ ಕಂಡಿತು. ಒಳಗೆ ಏನಿದೆ ಅಂತ ಕಾಣಲಿಲ್ಲ. ನನ್ನ ಮನೆಯ ಒಲೆಯ ಮೇಲೆ ನನ್ನ ಸಾರು ಕುದಿಯುತ್ತಿರುವುದು ನನಗೆ ಕಾಣಲಿಲ್ಲ.

"ಕಾಣಲ್ಲ ರೀ," ಅಂದೆ. "ನಾನು ಕೇಳಿದ್ದು ಬಿಡುವಲ್ಲ. ಒಲೆ ಕೇಳಿದ್ದು."

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಅರ್ಥವಾಯಿತು ಅಂದುಕೊಂಡೆ, ನಿಜವಾಗಿ ಅಂದುಕೊಂಡೆ. ಅವರು ಒಲೆ ಆರಿಸಿ, ಬಟ್ಟೆ ಹಿಡಿದು ಪಾತ್ರೆಯನ್ನು ಎತ್ತಿ, ಬಗ್ಗಿ ನೆಲದ ಮೇಲೆ ನನ್ನ ಕಾಲ ಹತ್ತಿರ ಇಟ್ಟರು.

"ಈಗ ಕಾಣುತ್ತಾ?" ಅಂದರು.